‘ಗೆಟ್’ ಪದ ಬಳಸುವುದು ಹೇಗೆ? ಸಿಗು, ಆಗು, ಮಾಡಿಸು ಗೊತ್ತಿರುವವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಮಳೆಗಾಲದಲ್ಲಿ ಸಾಗರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮನ ಮಗಳು ಜಗಲಿಯಲ್ಲಿ ದಪ್ಪ ಡಿಕ್ಷನರಿ ಹರಡಿಕೊಂಡು ಕೂತಿದ್ದಳು. ಬೆಂಗಳೂರಿನ ಕಂಪನಿಯೊಂದರ ಇಂಟರ್‌ವ್ಯೂ ಹತ್ತಿರ ಬಂದಿತ್ತು.

‘ಅಕ್ಕಾ, ಈ ಗೆಟ್‌ಗೆ ಎಂತ ಅರ್ಥ ಅಂತ ಒಂದೇ ಮಾತಲ್ಲಿ ಹೇಳೇ. ಪುಟ ತಿರುಗಿಸಿದಷ್ಟೂ ಮುಗಿಯೋದೇ ಇಲ್ಲ ಇದು’ ಅಂದಳು.

‘ಒಂದು ಮಾತಲ್ಲಿ ಆಗಲ್ಲ ಮಾರಾಯ್ತಿ, ಮೂರು ಮಾತಲ್ಲಿ ಆಗ್ತದೆ. ಸಿಗು, ಆಗು, ಮಾಡಿಸು’ ಅಂದೆ.

ಅವಳು ನಂಬಲಿಲ್ಲ. ಡಿಕ್ಷನರಿ ಮಡಚಿಟ್ಟು, ಕಾಫಿ ಕುಡಿಯುತ್ತಾ ಸಂಜೆಯವರೆಗೆ ಅದನ್ನೇ ಮಾತಾಡಿದೆವು. ಆವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ಗ್ರಾಮರ್ ಬರುವುದಿಲ್ಲ ಎಂಬ ಹೆದರಿಕೆ ಬೇಡ. ಕನ್ನಡ ಬಂದರೆ ಸಾಕು.

ಶುರು ಮಾಡುವ ಮುಂಚೆ: ಇರುವುದು ಬೇರೆ, ದಾಟುವುದು ಬೇರೆ

ಗೆಟ್‌ನ ಎಲ್ಲ ಬಳಕೆಗಳ ಹಿಂದೆ ಒಂದು ಸಂಗತಿ ಇದೆ. ಏನೋ ಒಂದು ದಾಟುತ್ತದೆ. ಇಲ್ಲದ್ದು ಕೈಗೆ ಬರುತ್ತದೆ, ಒಣಗಿದ್ದು ಒದ್ದೆಯಾಗುತ್ತದೆ, ಅಲ್ಲಿದ್ದವನು ಇಲ್ಲಿಗೆ ಬರುತ್ತಾನೆ. ದಾಟುವ ಆ ಗಳಿಗೆಗೆ ಇಂಗ್ಲಿಷಿನವರು ಗೆಟ್ ಅನ್ನುತ್ತಾರೆ. ದಾಟಿ ಆದಮೇಲಿನ ಸ್ಥಿತಿಗೆ ‘ಈಸ್’, ‘ಆಮ್’, ‘ಹ್ಯಾವ್’ ಬರುತ್ತವೆ.

ಆಗುಂಬೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ಅದು. ಕೊಡೆ ಬಿಚ್ಚುವುದರೊಳಗೆ ನೆನೆದಿರಿ. ‘ಐ ಗಾಟ್ ವೆಟ್’ ಅಂದರೆ ಒದ್ದೆಯಾದೆ. ಬಸ್ ಹತ್ತಿ ಕೂತಮೇಲೆ ಪಕ್ಕದವರಿಗೆ ‘ಐ ಆಮ್ ವೆಟ್’ ಅನ್ನುತ್ತೀರಿ, ಅಂದರೆ ಒದ್ದೆಯಾಗಿದ್ದೇನೆ. ಆಗು ಮತ್ತು ಇರು. ಈ ವ್ಯತ್ಯಾಸ ನಮ್ಮ ಬಾಯಲ್ಲಿ ಹುಟ್ಟಿನಿಂದಲೇ ಇದೆ. ಅದನ್ನು ಇಂಗ್ಲಿಷಿಗೂ ಒಯ್ಯಬಹುದು ಎಂದು ನಮಗೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ, ಅಷ್ಟೆ.

ಇನ್ನು ರೂಪಗಳು. ಗೆಟ್, ಗಾಟ್, ಗಾಟ್. ಅಮೆರಿಕದವರು ಮೂರನೆಯದನ್ನು ‘ಗಾಟನ್’ ಅನ್ನುತ್ತಾರೆ. ಅದು ಅವರು ಹೊಸದಾಗಿ ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನಲ್ಲೂ ಮೊದಲು ಇದ್ದದ್ದೇ. ಅಲ್ಲಿ ಬಿಟ್ಟುಹೋಯಿತು, ಅಮೆರಿಕದಲ್ಲಿ ಉಳಿಯಿತು. ‘ಫರ್ಗಾಟನ್’ನಂಥ ಪದಗಳೊಳಗೆ ಮಾತ್ರ ಎರಡೂ ಕಡೆ ಉಳಿದಿದೆ. ಹೌದು, ‘ಫರ್ಗೆಟ್’ನಲ್ಲಿರುವ ಗೆಟ್ ಇದರ ನೆಂಟನೇ. ಒಂಟಿಯಾಗಿ ಓಡಾಡುವ ಗೆಟ್ ಮಾತ್ರ ಉತ್ತರದ ಕಡಲು ದಾಟಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ನಾರ್ಸ್ ಜನರ ಮಾತಿನಿಂದ ಬಂತು. ಸುಮಾರು 1200ರ ಹೊತ್ತಿಗೆ ಇಂಗ್ಲಿಷಿನಲ್ಲಿ ಬೇರು ಬಿಟ್ಟಿತ್ತು.

ಉಚ್ಚಾರದಲ್ಲಿ ಒಂದು ಎಚ್ಚರಿಕೆ. ಗಾಟ್ ಅನ್ನುವಾಗ ‘ಗಾ’ವನ್ನು ಎಳೆಯಬೇಡಿ. ಎಳೆದರೆ ಆಗುಂಬೆ ಘಾಟ್ ಆಗುತ್ತದೆ. ಚಿಕ್ಕದಾಗಿ, ‘ಗಾ’ಗೂ ‘ಗೊ’ಗೂ ನಡುವೆ ಹೇಳಿ. ಬರೆಯುವಾಗ ‘ಗೆಟಿಂಗ್’ಗೆ ‘ಟಿ’ ಎರಡು ಬರುತ್ತದೆ.

ಇನ್ನೊಂದು ತಪ್ಪು ಪದವಿ ಮುಗಿಸಿದವರ ಬಾಯಲ್ಲೂ ಕೇಳುತ್ತೇನೆ: ‘ಡಿಡ್ ಯು ಗಾಟ್ ದ ಟಿಕೆಟ್?’ ಡಿಡ್ ಬಂದಮೇಲೆ ಭೂತಕಾಲದ ಕೆಲಸ ಮುಗಿಯಿತು. ಮತ್ತೆ ಗಾಟ್ ಬೇಡ. ‘ಡಿಡ್ ಯು ಗೆಟ್ ದ ಟಿಕೆಟ್?’ ‘ಐ ಡಿಡಂಟ್ ಗೆಟ್ ಇಟ್.’

ಮೊದಲ ಹೆಜ್ಜೆ: ‘ನನಗೆ ಸಿಕ್ಕಿತು’ ಬಂದಲ್ಲಿ ‘ನನಗೆ’ಯನ್ನು ತಿರುಗಿಸಿ

ನಾವು ‘ನನಗೆ ಕೆಲಸ ಸಿಕ್ಕಿತು’ ಅನ್ನುತ್ತೇವೆ. ನಮ್ಮ ಮಾತಿನಲ್ಲಿ ಕೆಲಸವೇ ನಡೆದುಕೊಂಡು ಬಂದು ನಮಗೆ ಸಿಗುತ್ತದೆ. ನಾವು ಸುಮ್ನೆ ನಿಂತಿರುತ್ತೇವೆ, ಬೆನ್ನಿಗೆ ಒಂದು ‘ಗೆ’ ಅಂಟಿಸಿಕೊಂಡು. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ವಾಕ್ಯದ ಯಜಮಾನ ಮನುಷ್ಯ. ‘ಐ ಗಾಟ್ ಅ ಜಾಬ್.’ ‘ಟು ಮಿ’ ಅಂತ ಶುರು ಮಾಡಲು ಹೋದರೆ ಅಲ್ಲೇ ಎಡವುತ್ತೀರಿ.

ಆದ್ದರಿಂದ ಮಾಡಬೇಕಾದ್ದು ಇಷ್ಟು. ಕನ್ನಡ ವಾಕ್ಯದಲ್ಲಿ ‘ಗೆ’ ಅಂಟಿದ ಮನುಷ್ಯ ಯಾರು ಅಂತ ನೋಡಿ. ಆ ‘ಗೆ’ ಕಿತ್ತುಹಾಕಿ. ಅವನನ್ನು ವಾಕ್ಯದ ತಲೆಯಲ್ಲಿ ಕೂರಿಸಿ. ಆಮೇಲೆ ಗೆಟ್, ಆಮೇಲೆ ವಸ್ತು. ‘ಅಪ್ಪನಿಗೆ ಅಡಿಕೆಗೆ ಒಳ್ಳೆ ರೇಟು ಸಿಕ್ಕಿತು’ ಇದೆಯಲ್ಲ, ಅಪ್ಪ ತಲೆಗೆ ಬಂದರು: ‘ಅಪ್ಪ ಗಾಟ್ ಅ ಗುಡ್ ಪ್ರೈಸ್ ಫಾರ್ ದ ಅರೆಕಾನಟ್.’ ‘ಅವಳಿಗೆ ಶಿವಮೊಗ್ಗದ ಬಸ್ ಸಿಗಲಿಲ್ಲ’: ‘ಶಿ ಡಿಡಂಟ್ ಗೆಟ್ ದ ಶಿವಮೊಗ್ಗ ಬಸ್.’

ಬಂತು ಅನ್ನುವುದೂ ಎಷ್ಟೋ ಸಲ ಇದೇ ಮನೆಯದು. ನನಗೆ ಫೋನ್ ಬಂತು, ಕಾಗದ ಬಂತು, ನೆಗಡಿ ಬಂತು. ‘ಐ ಗಾಟ್ ಅ ಕಾಲ್’, ‘ಐ ಗಾಟ್ ಅ ಲೆಟರ್’, ‘ಐ ಗಾಟ್ ಅ ಕೋಲ್ಡ್.’ ಕಾಯಿಲೆಗೂ ಗೆಟ್ ಸಲೀಸಾಗಿ ಹೊಂದುತ್ತದೆ. ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ಅದನ್ನು ಹೊರಗಿನವರಿಗೆ ಹೇಳಬೇಕಾದರೆ ಇಷ್ಟು ಸಾಕು: ‘ಪೀಪಲ್ ಗೆಟ್ ಇಟ್ ಫ್ರಮ್ ಟಿಕ್ ಬೈಟ್ಸ್.’ ಎಲ್ಲಿಂದ ಬಂತು ಎಂಬುದಕ್ಕೆ ‘ಫ್ರಮ್’.

ನೆಟ್‌ವರ್ಕ್ ವಿಷಯ ಹೇಳದಿದ್ದರೆ ಮಲೆನಾಡಿನ ಬರಹ ಪೂರ್ತಿಯಾಗುವುದಿಲ್ಲ. ಹೊಸನಗರದ ಕಡೆ ನಮ್ಮ ನೆಂಟರ ಮನೆಯಲ್ಲಿ ಫೋನ್ ಮಾಡಲು ಹಿತ್ತಲ ದರೆ ಹತ್ತಬೇಕು. ಅಲ್ಲಿ ನಿಂತು ‘ನೆಟ್‌ವರ್ಕ್ ಸಿಗ್ತಾ ಇಲ್ಲ’ ಎಂದು ಕೂಗುವುದನ್ನು ಇಂಗ್ಲಿಷಿನಲ್ಲಿ ‘ಐ ಕಾಂಟ್ ಗೆಟ್ ಅ ಸಿಗ್ನಲ್’ ಅನ್ನಿ. ‘ನೆಟ್‌ವರ್ಕ್ ಈಸ್ ನಾಟ್ ಗೆಟಿಂಗ್’ ಅನ್ನಬೇಡಿ. ಅಲ್ಲಿ ಯಜಮಾನ ಕಳೆದುಹೋದ. ಪಡೆಯುವವರು ಯಾರು? ನೀವು. ಹಾಗಾದರೆ ‘ಐ’ ಇರಲೇಬೇಕು.

ಸಿಗು ಬಂದಲ್ಲೆಲ್ಲ ಕಣ್ಣು ಮುಚ್ಚಿ ಗೆಟ್ ಹಾಕುವ ಹಾಗಿಲ್ಲ. ಸಂತೆಯಲ್ಲಿ ಗುರುತಿನವರು ಸಿಕ್ಕರೆ ಅದು ‘ಮೆಟ್’. ಬಿದ್ದುಹೋದ ಓಲೆ ಕಸ ಗುಡಿಸುವಾಗ ಸಿಕ್ಕರೆ ‘ಫೌಂಡ್’. ಕದ್ದವರಿಂದ ವಾಪಸ್ ಸಿಕ್ಕರೆ ಮಾತ್ರ ‘ಗಾಟ್ ಇಟ್ ಬ್ಯಾಕ್’. ಮನುಷ್ಯರು ಎದುರು ಸಿಗುವುದಕ್ಕೆ ಗೆಟ್ ಬೇಡ ಎಂಬುದೊಂದು ನೆನಪಿದ್ದರೆ ಅರ್ಧ ತಪ್ಪು ತಪ್ಪುತ್ತದೆ.

ತಂದುಕೊಡು ಎಂಬ ಅರ್ಥವೂ ಇದೇ ಹೆಜ್ಜೆಯದು. ‘ಗೆಟ್ ಮಿ ಸಮ್ ವಾಟರ್’ ಅಂದರೆ ನನಗೆ ಸ್ವಲ್ಪ ನೀರು ತಂದುಕೊಡು. ಇಲ್ಲಿ ಗೆಟ್ ಆದಕೂಡಲೇ ಯಾರಿಗೆ, ಆಮೇಲೆ ಏನು. ನಡುವೆ ‘ಟು’ ಇಲ್ಲ. ಹಿರಿಯರಿಗೆ, ಹೊಸಬರಿಗೆ ಹೀಗೆ ಬರಿದೇ ಹೇಳಿದರೆ ಒರಟು. ‘ಕುಡ್ ಯು ಗೆಟ್ ಮಿ...’ ಎಂದು ಶುರು ಮಾಡಿ. ನಮ್ಮಲ್ಲಿ ‘ತಾ’ ಮತ್ತು ‘ತಂದುಕೊಡ್ತೀರಾ’ ನಡುವೆ ಇರುವಷ್ಟೇ ಅಂತರ.

ಹಾಗೆಯೇ ‘ಐ ಆಮ್ ಗೆಟಿಂಗ್ ಅ ಡೌಟ್’. ಇದು ‘ನನಗೊಂದು ಡೌಟ್ ಬರ್ತಿದೆ’ಯ ಪಡಿಯಚ್ಚು. ನಮ್ಮ ಊರಿನ ಕ್ಲಾಸ್‌ರೂಮಿನಲ್ಲಿ ನಡೆಯುತ್ತದೆ. ಹೊರದೇಶದವರ ಮೀಟಿಂಗಿನಲ್ಲಿ ಹೇಳಿದರೆ ನಿಮಗೆ ಅವರ ಮೇಲೆ ಅನುಮಾನ ಎಂದುಕೊಂಡಾರು. ‘ಐ ಹ್ಯಾವ್ ಅ ಕ್ವೆಶ್ಚನ್’ ಅನ್ನಿ.

ಎರಡನೇ ಹೆಜ್ಜೆ: ಆಗು

ಕತ್ತಲಾಗ್ತಿದೆ, ‘ಇಟ್ಸ್ ಗೆಟಿಂಗ್ ಡಾರ್ಕ್.’ ಹೊತ್ತಾಯ್ತು ಹೊರಡುವ, ‘ಇಟ್ಸ್ ಗೆಟಿಂಗ್ ಲೇಟ್, ಲೆಟ್ಸ್ ಗೋ.’ ಮಳೆ ಜೋರಾಗ್ತಿದೆ, ‘ದ ರೇನ್ ಈಸ್ ಗೆಟಿಂಗ್ ಹೆವಿಯರ್.’ ಅಜ್ಜಿ ಹುಷಾರಾಗ್ತಿದ್ದಾರೆ, ‘ಅಜ್ಜಿ ಈಸ್ ಗೆಟಿಂಗ್ ಬೆಟರ್.’ ಚಳಿ, ಹಸಿವು, ಸಿಟ್ಟು, ಸುಸ್ತು, ವಯಸ್ಸು, ಎಲ್ಲವೂ ಹೀಗೆಯೇ. ಗೆಟ್ ಪಕ್ಕದಲ್ಲಿ ಗುಣ ಹೇಳುವ ಪದ ಇಟ್ಟರೆ ಮುಗಿಯಿತು.

ಮೋಸ ಇರುವುದು ಒಂದೇ ಕಡೆ. ಕನ್ನಡದ ಆಗು ಗುಣಕ್ಕೂ ಬರುತ್ತದೆ, ಹೆಸರಿಗೂ ಬರುತ್ತದೆ. ಕೆಂಪಾದ, ಡಾಕ್ಟರಾದ. ಗೆಟ್ ಹಾಗೆ ಒಪ್ಪುವುದಿಲ್ಲ. ‘ಹಿ ಗಾಟ್ ಅ ಡಾಕ್ಟರ್’ ಅಂದರೆ ಅವನು ಡಾಕ್ಟರಾದ ಎಂದಲ್ಲ, ಡಾಕ್ಟರನ್ನು ಕರೆತಂದ ಎಂದಾಗುತ್ತದೆ! ವಸ್ತುವಿನ ಹೆಸರೋ ಮನುಷ್ಯನ ಹೆಸರೋ ಪಕ್ಕಕ್ಕೆ ಬಂದರೆ ಗೆಟ್ ಮೊದಲ ಹೆಜ್ಜೆಯ ಸಿಗುವಿಗೆ ಮರಳುತ್ತದೆ. ಡಾಕ್ಟರ್, ಟೀಚರ್, ಮೆಂಬರ್ ಆಗುವುದಕ್ಕೆ ‘ಬಿಕಮ್’ ಬೇಕು.

ಕೆಲವು ಗುಣಗಳಿಗೆ ಬೇರೆ ಜೊತೆಗಾರರಿದ್ದಾರೆ. ಹಾಲು ಕೆಟ್ಟರೆ ‘ವೆಂಟ್ ಬ್ಯಾಡ್’. ಅಡಿಕೆ ಹಣ್ಣಾಗಿ ಬಣ್ಣ ತಿರುಗಿದರೆ ‘ಟರ್ನ್ಡ್ ಆರೆಂಜ್’. ಇವನ್ನು ಕೇಳಿ ಕೇಳಿಯೇ ಕಲಿಯಬೇಕು. ಸೂತ್ರ ಇಲ್ಲ.

ಮೂರನೇ ಹೆಜ್ಜೆ: ಮಾಡಿಸು. ನಾನು ಬಿದ್ದ ಗುಂಡಿ

ಹೆಚ್ಚಿನ ಪುಸ್ತಕಗಳು ಇದನ್ನು ಕೊನೆಯ ಪುಟಕ್ಕೆ ತಳ್ಳುತ್ತವೆ. ನನಗೆ ಕೇಳಿದರೆ ಕನ್ನಡದವರು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರಬೇಕಾದ್ದು ಇಲ್ಲಿ.

ನನ್ನ ಮೊದಲ ಇಂಟರ್‌ವ್ಯೂ. ಹಿಂದಿನ ವಾರ ಏನು ಮಾಡಿದಿರಿ ಅಂತ ಕೇಳಿದರು. ಸ್ಕೂಟರ್ ಕೆಟ್ಟಿತ್ತು, ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ್ದೆ. ‘ಐ ರಿಪೇರ್ಡ್ ಮೈ ಸ್ಕೂಟರ್’ ಅಂದೆ. ಎದುರಿಗೆ ಕೂತವರ ಕಣ್ಣು ಅರಳಿತು. ಅವರಿಗೂ ಹಳೇ ಗಾಡಿಗಳ ಹುಚ್ಚಂತೆ. ಕಾರ್ಬುರೇಟರ್ ಬಿಚ್ಚಿದ್ದಿರಾ, ಎಷ್ಟು ಹೊತ್ತು ಹಿಡಿಯಿತು, ಟೂಲ್ ಯಾವುದು? ನಾನು ಬೆವರಿದೆ. ಸ್ಟೆಪ್ನಿ ಬದಲಿಸುವುದೂ ನನಗೆ ಗೊತ್ತಿರಲಿಲ್ಲ. ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ನಾನು ಬಿಟ್ಟಿದ್ದು ಎರಡೇ ಅಕ್ಷರ. ‘ಮಾಡಿದೆ’ ಮತ್ತು ‘ಮಾಡಿಸಿದೆ’ ನಡುವೆ ಇರುವ ‘ಇಸು’. ಕನ್ನಡದಲ್ಲಿ ಅದನ್ನು ಕ್ರಿಯಾಪದದ ಬಾಲಕ್ಕೆ ಅಂಟಿಸಿದರೆ ಸಾಕು. ಇಂಗ್ಲಿಷಿನಲ್ಲಿ ಅಂಥ ಬಾಲ ಇಲ್ಲ. ಗೆಟ್ ತಂದು ಮುಂದೆ ನಿಲ್ಲಿಸಬೇಕು: ‘ಐ ಗಾಟ್ ಮೈ ಸ್ಕೂಟರ್ ರಿಪೇರ್ಡ್.’

ಕಟ್ಟುವ ಕ್ರಮ ಹೀಗೆ. ಮೊದಲು ಮಾಡಿಸಿದವರು. ಆಮೇಲೆ ಗೆಟ್ ಅಥವಾ ಗಾಟ್. ಆಮೇಲೆ ವಸ್ತು. ಕಡೆಗೆ ಕೆಲಸದ ಮೂರನೇ ರೂಪ, ಕೋಚಿಂಗ್ ಕ್ಲಾಸಿನವರು ‘ವಿ-ತ್ರೀ’ ಅನ್ನುತ್ತಾರಲ್ಲ, ಅದು. ವಸ್ತು ನಡುವೆ ಬರಬೇಕು ಎಂಬುದೇ ಇಲ್ಲಿನ ಗುಟ್ಟು. ‘ಐ ಗಾಟ್ ರಿಪೇರ್ಡ್ ಮೈ ಸ್ಕೂಟರ್’ ತಪ್ಪು. ಸ್ಕೂಟರ್ ಹಾರಿ ನಡುವೆ ಕೂರಬೇಕು.

ತೋಟ ಇರುವ ಮನೆಯಲ್ಲಿ ಇದರ ಅಭ್ಯಾಸಕ್ಕೆ ಬೇರೆ ಪುಸ್ತಕ ಬೇಡ. ವರ್ಷವಿಡೀ ನಡೆಯುವುದೇ ‘ಇಸು’. ಮಳೆ ಹಿಡಿಯುವ ಮುಂಚೆ ಕೊಳೆ ರೋಗ ಬರದ ಹಾಗೆ ಅಡಿಕೆಗೆ ಔಷಧಿ ಹೊಡೆಸುತ್ತೇವೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು, ಅದೇ ಬೋರ್ಡೋ ದ್ರಾವಣ. ‘ವಿ ಗಾಟ್ ದ ಬಂಚಸ್ ಸ್ಪ್ರೇಯ್ಡ್ ಬಿಫೋರ್ ದ ರೇನ್ಸ್.’ ಬೆಳೆದಮೇಲೆ ಕೊನೆ ತೆಗೆಸುತ್ತೇವೆ: ‘ವಿ ಗಾಟ್ ದ ಬಂಚಸ್ ಕಟ್.’ ಸುಲಿಸುತ್ತೇವೆ: ‘ವಿ ಗಾಟ್ ದ ನಟ್ಸ್ ಹಸ್ಕ್ಡ್.’ ಮನೆಯ ಹೆಂಚು ಕೈಯಾಡಿಸುತ್ತೇವೆ, ಬಾವಿ ತೋಡಿಸುತ್ತೇವೆ, ರವಿಕೆ ಹೊಲಿಸುತ್ತೇವೆ, ಆಧಾರ್ ಅಪ್‌ಡೇಟ್ ಮಾಡಿಸುತ್ತೇವೆ. ಎಲ್ಲವೂ ಇದೇ ಅಚ್ಚಿನಲ್ಲಿ ಬರುತ್ತವೆ. ತಂಗಿ ತಾನೇ ಒಂದು ಮಾಡಿದಳು: ‘ಐ ಗಾಟ್ ಮೈ ಹೇರ್ ಕಟ್.’ ಸರಿ. ‘ಐ ಕಟ್ ಮೈ ಹೇರ್’ ಅಂದಿದ್ದರೆ ಕನ್ನಡಿ ಮುಂದೆ ಕತ್ತರಿ ಹಿಡಿದು ತಾನೇ ಕತ್ತರಿಸಿಕೊಂಡ ಹಾಗೆ.

ಈಗ ಮಾಡಿದವನೂ ವಾಕ್ಯದಲ್ಲಿ ಕಾಣಬೇಕು ಅಂದುಕೊಳ್ಳಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವವನನ್ನು ನಾವು ಕೊನೆಗೌಡ ಅನ್ನುತ್ತೇವೆ. ಕೊನೆಗೌಡನ ಕೈಯಲ್ಲಿ ಮರ ಹತ್ತಿಸಿದೆವು. ಆಗ ಅಚ್ಚು ಬದಲಾಗುತ್ತದೆ. ‘ವಿ ಗಾಟ್ ಹಿಮ್ ಟು ಕ್ಲೈಂಬ್.’ ಮನುಷ್ಯ, ಆಮೇಲೆ ‘ಟು’, ಆಮೇಲೆ ಕೆಲಸದ ಮೂಲ ರೂಪ.

ಇಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮ ‘ಇಸು’ ಹೇಗೆ ಮಾಡಿಸಿದಿರಿ ಅಂತ ಹೇಳುವುದಿಲ್ಲ. ಬೈದು ಮಾಡಿಸಿದರೂ ಹತ್ತಿಸಿದ, ಬೇಡಿಕೊಂಡರೂ ಹತ್ತಿಸಿದ. ಇಂಗ್ಲಿಷ್ ಅದಕ್ಕೆ ಮೂರು ದಾರಿ ಇಟ್ಟುಕೊಂಡಿದೆ. ‘ಮೇಡ್ ಹಿಮ್ ಕ್ಲೈಂಬ್’ ಅಂದರೆ ಬಲವಂತ, ಅವನಿಗೆ ಬೇರೆ ದಾರಿ ಇರಲಿಲ್ಲ. ‘ಹ್ಯಾಡ್ ಹಿಮ್ ಕ್ಲೈಂಬ್’ ಅಂದರೆ ಅದು ಅವನ ಕೆಲಸವೇ, ಹೇಳಿದೆವು, ಹತ್ತಿದ. ‘ಗಾಟ್ ಹಿಮ್ ಟು ಕ್ಲೈಂಬ್’ ಅಂದರೆ ಸ್ವಲ್ಪ ಪುಸಲಾಯಿಸಿ, ಒಪ್ಪಿಸಿ. ಕೊಯ್ಲಿನ ಹೊತ್ತಿಗೆ ಕೊನೆಗೌಡರು ಸಿಗುವುದೇ ಕಷ್ಟ. ನಾಲ್ಕು ಸಲ ಮನೆ ಬಾಗಿಲಿಗೆ ಹೋಗಿ, ಎಲೆ ಅಡಿಕೆ ಕೊಟ್ಟು, ದಿನ ಗೊತ್ತು ಮಾಡಿ ಬರಬೇಕು. ಹಾಗಾಗಿ ನಮ್ಮ ಕಡೆಗೆ ಒಪ್ಪುವುದು ಗೆಟ್ ಒಂದೇ! ಮೇಕ್ ಅನ್ನುವ ಧೈರ್ಯ ಈಗ ಯಾವ ತೋಟದವರಿಗೂ ಇಲ್ಲ. ಅಂದಹಾಗೆ, ‘ಟು’ ಬರುವುದು ಗೆಟ್ ಜೊತೆ ಮಾತ್ರ. ಈ ಅಚ್ಚಿನಲ್ಲಿ ಮೇಕ್, ಹ್ಯಾವ್‌ಗೆ ‘ಟು’ ಇಲ್ಲ.

ಅಚ್ಚು ಒಂದೇ ಇದ್ದರೂ ಕೆಲವೊಮ್ಮೆ ಮಾಡಿಸಿದ್ದಲ್ಲ, ನಮ್ಮ ಮೇಲೆ ಬಂದೆರಗಿದ್ದು ಎಂದಾಗುತ್ತದೆ. ‘ಹಿ ಗಾಟ್ ಹಿಸ್ ಫೂಟ್ ಸ್ಟಕ್ ಇನ್ ದ ಮಡ್.’ ಯಾರೂ ಬೇಕೆಂದು ಕೆಸರಿನಲ್ಲಿ ಕಾಲು ಹೂತುಕೊಳ್ಳುವುದಿಲ್ಲ. ಸಂದರ್ಭ ನೋಡಿದರೆ ಗೊತ್ತಾಗುತ್ತದೆ.

ನಾಲ್ಕನೇ ಹೆಜ್ಜೆ: ಮದುವೆಯಾಯಿತು, ಪೆಟ್ಟಾಯಿತು, ಟ್ರಾನ್ಸ್‌ಫರ್ ಆಯಿತು

ಇದು ಆಗುವಿನ ಇನ್ನೊಂದು ಮುಖ. ಗೆಟ್ ಆದಕೂಡಲೇ ಮೂರನೇ ರೂಪ. ‘ಶಿ ಗಾಟ್ ಮ್ಯಾರೀಡ್’, ‘ಹಿ ಗಾಟ್ ಹರ್ಟ್’, ‘ಮೈ ಬ್ರದರ್ ಗಾಟ್ ಟ್ರಾನ್ಸ್‌ಫರ್ಡ್ ಟು ಭದ್ರಾವತಿ.’ ಕಳ್ಳ ಸಿಕ್ಕಿಬಿದ್ದ, ‘ದ ಥೀಫ್ ಗಾಟ್ ಕಾಟ್.’ ಮದುವೆಯ ವಿಷಯದಲ್ಲಿ ‘ವಿತ್’ ಬೇಡ. ‘ಗಾಟ್ ಮ್ಯಾರೀಡ್ ಟು’ ಅನ್ನಬೇಕು. ನಾವು ‘ಅವನ ಜೊತೆ ಮದುವೆ’ ಅನ್ನುವುದರಿಂದ ‘ವಿತ್’ ತಾನಾಗಿ ನುಗ್ಗುತ್ತದೆ, ತಡೆಯಿರಿ. ತಿಳಿ, ಕಾಣು, ಇಷ್ಟಪಡು ಇಂಥ ಕೆಲಸಗಳಿಗೆ ಈ ಗೆಟ್ ಹೊಂದುವುದಿಲ್ಲ. ಏನೋ ಥಟ್ಟನೆ ಸಂಭವಿಸಿದಂತೆ ಇದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ.

ಐದನೇ ಹೆಜ್ಜೆ: ಊರು ಮುಟ್ಟುವುದು, ಬಸ್ ಹತ್ತಿ ಇಳಿಯುವುದು

ಸಾಗರದಲ್ಲಿ ಬೆಳೆದವರಿಗೆ ಇಂಗ್ಲಿಷಿನಲ್ಲಿ ಬರುವ ಮೊದಲ ಪರೀಕ್ಷೆ ಶಾಲೆಯದ್ದಲ್ಲ, ಪ್ರವಾಸಿಗಳದ್ದು. ‘ಹೌ ಡು ಐ ಗೆಟ್ ಟು ಜೋಗ್?’ ಜೋಗಕ್ಕೆ ಹೋಗುವುದು ಹೇಗೆ? ಇಲ್ಲಿ ಗೆಟ್ ಅಂದರೆ ತಲುಪು. ಊರಿನ ಹೆಸರಿನ ಮುಂಚೆ ‘ಟು’ ಬೇಕು. ‘ಹೋಮ್’, ‘ಹಿಯರ್’, ‘ದೇರ್’ ಮುಂಚೆ ಬೇಡ. ‘ಐ ಗಾಟ್ ಟು ಸಾಗರ ಅಟ್ ನೈನ್’, ಆದರೆ ‘ಐ ಗಾಟ್ ಹೋಮ್ ಅಟ್ ಟೆನ್.’ ‘ರೀಚ್’ ಬಳಸಿದರೆ ಮಾತ್ರ ‘ಟು’ ಎಲ್ಲೂ ಬೇಡ. ‘ರೀಚ್ಡ್ ಟು ಸಾಗರ’ ಎಂಬ ಕಲಬೆರಕೆ ನಮ್ಮಲ್ಲಿ ಬಹಳ.

ಶಿವಮೊಗ್ಗದಿಂದ ರೈಲಿನಲ್ಲಿ ಬರುವವರಿಗೆ ಹೀಗೆ ಹೇಳಿ: ‘ಗೆಟ್ ಆನ್ ದ ಟ್ರೇನ್ ಟು ತಾಳಗುಪ್ಪ. ಗೆಟ್ ಆಫ್ ಅಟ್ ದ ಲಾಸ್ಟ್ ಸ್ಟೇಷನ್. ದೆನ್ ಗೆಟ್ ಅ ಬಸ್ ಟು ಜೋಗ್.’ ಒಂದೇ ಉಸಿರಿಗೆ ಮೂರು ಗೆಟ್. ಹತ್ತಿ, ಇಳಿಯಿರಿ, ಹಿಡಿಯಿರಿ. ಅಷ್ಟು ಹೇಳಿದರೆ ಅವರು 253 ಮೀಟರ್ ಆಳಕ್ಕೆ ಬೀಳುವ ಶರಾವತಿಯನ್ನು ನೋಡಿಯೇ ನೋಡುತ್ತಾರೆ. ಬೇಸಿಗೆಯಲ್ಲಿ ಬಂದವರಿಗೆ ಬರೀ ಬಂಡೆ ಕಾಣುತ್ತದೆ, ಅದು ನಮ್ಮ ತಪ್ಪಲ್ಲ.

ಆನ್, ಆಫ್ ಎಲ್ಲಿ? ಇನ್, ಔಟ್ ಎಲ್ಲಿ? ಒಳಗೆ ನೆಟ್ಟಗೆ ನಿಂತು ಓಡಾಡಬಹುದಾದರೆ ‘ಆನ್’ ಮತ್ತು ‘ಆಫ್’. ಬಸ್, ರೈಲು, ಲಾಂಚ್, ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಹಾರುವ ವಿಮಾನ. ಬಗ್ಗಿ ನುಸುಳಬೇಕಾದರೆ ‘ಇನ್’ ಮತ್ತು ‘ಔಟ್ ಆಫ್’. ಕಾರು, ಆಟೋ, ಜೀಪು. ಬೈಕಿನ ಮೇಲೆ ಕಾಲು ಹಾಕಿ ಕೂರುತ್ತೇವಲ್ಲ, ಅದು ಮತ್ತೆ ‘ಆನ್’. ನಾವು ಇಳಿಯುವುದಕ್ಕೆಲ್ಲ ‘ಗೆಟ್ ಡೌನ್’ ಅನ್ನುತ್ತೇವೆ. ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ತೊಂದರೆ ಇಲ್ಲ. ಆದರೆ ಹೊರಗಿನವರಿಗೆ ‘ಗೆಟ್ ಡೌನ್’ ಅಂದರೆ ಮರದಿಂದಲೋ ಮೇಜಿನಿಂದಲೋ ಕೆಳಗಿಳಿ, ಇಲ್ಲವೇ ತಲೆ ತಗ್ಗಿಸಿ ಕೂತುಕೋ.

ಲಾಂಚ್ ಅಂದೆನಲ್ಲ. ಸಿಗಂದೂರಿಗೆ ಹೋಗಲು ಶರಾವತಿ ಹಿನ್ನೀರನ್ನು ನಾವು ಅದರಲ್ಲೇ ದಾಟುತ್ತಿದ್ದೆವು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಆಯಿತು. ಹೀಗೆ ಆಚೆ ದಡ ಸೇರುವುದು ‘ಗೆಟ್ ಅಕ್ರಾಸ್’. ಇದೇ ಪದಕ್ಕೆ ಮನಸ್ಸಿನಲ್ಲಿದ್ದದ್ದನ್ನು ಎದುರಿನವರಿಗೆ ಮುಟ್ಟಿಸುವುದು ಎಂಬ ಅರ್ಥವೂ ಇದೆ. ‘ಐ ಕುಡಂಟ್ ಗೆಟ್ ಮೈ ಪಾಯಿಂಟ್ ಅಕ್ರಾಸ್.’ ಹೇಳಬೇಕಾದ್ದು ಆಚೆ ದಡ ಮುಟ್ಟಲಿಲ್ಲ. ಆ ಸ್ಕೂಟರ್ ಇಂಟರ್‌ವ್ಯೂ ನೆನಪಾಗುತ್ತದೆ ನನಗೆ.

ಆರನೇ ಹೆಜ್ಜೆ: ಪಕ್ಕದಲ್ಲಿ ‘ಹ್ಯಾವ್’ ಬಂದರೆ

‘ಐ ಹ್ಯಾವ್ ಗಾಟ್ ಟು ಬ್ರದರ್ಸ್’ ಅಂದರೆ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ, ಅಷ್ಟೆ. ಇಲ್ಲಿ ದಾಟುವುದು ಮುಗಿದು ಇರುವುದು ಉಳಿದಿದೆ. ಮಾತಿನಲ್ಲಿ ‘ಐವ್ ಗಾಟ್’ ಆಗುತ್ತದೆ.

ಮುಂದೆ ‘ಟು’ ಮತ್ತು ಕ್ರಿಯಾಪದ ಬಂದಾಗ ಕಿವಿ ಚುರುಕಾಗಿರಲಿ. ‘ಐ ಗಾಟ್ ಟು ಸೀ ದ ಎಲಿಫೆಂಟ್ಸ್ ಅಟ್ ಸಕ್ರೆಬೈಲು’ ಅಂದರೆ ಸಕ್ರೆಬೈಲಿನಲ್ಲಿ ಆನೆ ನೋಡುವ ಅವಕಾಶ ಸಿಕ್ಕಿತು. ಬೆಳಗ್ಗೆ ಬೇಗ ಹೋಗಿದ್ದಿರಿ, ತುಂಗೆಯ ಹಿನ್ನೀರಿನಲ್ಲಿ ಸ್ನಾನ ನಡೆದಿತ್ತು, ನೋಡಿದಿರಿ. ‘ಐವ್ ಗಾಟ್ ಟು ಸೀ ದ ಎಲಿಫೆಂಟ್ಸ್’ ಅಂದರೆ ಇನ್ನೂ ನೋಡಿಲ್ಲ, ನೋಡಲೇಬೇಕು. ನಡುವೆ ಇರುವುದು ಒಂದು ‘ವ್’ ಸದ್ದು. ಅಮೆರಿಕದ ಸಿನಿಮಾಗಳಲ್ಲಿ ಆ ‘ವ್’ ಕೂಡ ಉದುರಿ ‘ಐ ಗಾಟಾ ಗೋ’ ಆಗುತ್ತದೆ, ಹೋಗಬೇಕು ಮಾರಾಯ ಅನ್ನುವ ಹಾಗೆ. ಬರೆಯುವಾಗ ಗಾಟಾ ಬೇಡ.

‘ಗಾಟ್ ಇಟ್’ ಅಂದರೆ ಅರ್ಥ ಆಯ್ತು. ಬಾಸ್‌ಗೆ ‘ಗಾಟ್ ಇಟ್, ಸರ್’ ಅನ್ನಬಹುದು, ತಪ್ಪಿಲ್ಲ. ‘ಸಾರಿ, ಐ ಡಿಡಂಟ್ ಗೆಟ್ ಯು’ ಅನ್ನುವ ಬದಲು ‘ಐ ಡಿಡಂಟ್ ಗೆಟ್ ದಟ್’ ಅಂದರೆ ಕಿವಿಗೆ ಹಿತ.

ಬಾಲ ಹಚ್ಚಿಕೊಂಡ ಗೆಟ್‌ಗಳು

ಇವುಗಳಲ್ಲಿ ಎರಡು ಆಗಲೇ ಕನ್ನಡದ್ದೇ ಆಗಿಹೋಗಿವೆ. ಸಿನಿಮಾ ಹೀರೋನ ‘ಗೆಟಪ್’, ಸಿಟ್ಟು ಬಂದವರ ‘ಗೆಟೌಟ್’. ಇಂಗ್ಲಿಷಿನ ‘ಗೆಟ್ ಅಪ್’ ಮಾತ್ರ ವೇಷಕ್ಕಿಂತ ಹೆಚ್ಚಾಗಿ ಹಾಸಿಗೆಯಿಂದ ಏಳುವುದಕ್ಕೆ. ಎಚ್ಚರಾಗುವುದು ‘ವೇಕ್ ಅಪ್’. ಜಡಿಮಳೆಯ ಬೆಳಗ್ಗೆ ಆರಕ್ಕೆ ವೇಕ್ ಅಪ್ ಆಗಿ, ಕಂಬಳಿಯೊಳಗೇ ಎಂಟರವರೆಗೆ ಗೆಟ್ ಅಪ್ ಆಗದೆ ಇರುವುದು ಮಲೆನಾಡಿನ ಸುಖ.

ಉಳಿದವುಗಳಲ್ಲಿ ದಿನಬಳಕೆಗೆ ಬೇಕಾದ್ದು ಕೆಲವೇ. ಹೊಂದಿಕೊಂಡು ಹೋಗುವುದು ‘ಗೆಟ್ ಅಲಾಂಗ್ ವಿತ್’. ಪೀಡೆ ಕಳೆದುಕೊಳ್ಳುವುದು ‘ಗೆಟ್ ರಿಡ್ ಆಫ್’, ತೋಟದಿಂದ ಮಂಗ ಓಡಿಸುವವರಿಗೆ ಇದು ಬೇಕೇ ಬೇಕು. ಹೇಗೋ ಸಂಭಾಳಿಸುವುದು ‘ಗೆಟ್ ಬೈ’. ಜ್ವರದಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು ‘ಗೆಟ್ ಓವರ್’. ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾಗುವುದು ‘ಗೆಟ್ ಅವೇ ವಿತ್’. ಪಟ್ಟಿ ಉದ್ದ ಮಾಡಿ ಬಾಯಿಪಾಠ ಮಾಡುವವರನ್ನು ಕಂಡಿದ್ದೇನೆ. ಎರಡು ವಾರಕ್ಕೆ ಮರೆತಿರುತ್ತಾರೆ. ಒಂದೊಂದಕ್ಕೂ ನಿಮ್ಮದೇ ಮನೆಯ ಒಂದು ಘಟನೆ ಕಟ್ಟಿ, ಆಗ ಉಳಿಯುತ್ತದೆ.

ಎಲ್ಲಿ ಬೇಡ?

ಅರ್ಜಿ, ಕಚೇರಿಯ ಪತ್ರ, ಪ್ರಬಂಧ, ಇಲ್ಲಿ ಗೆಟ್ ಸ್ವಲ್ಪ ಸಲಿಗೆಯ ಪದ. ಮದುವೆ ಮನೆಗೆ ಮನೆಯ ಲುಂಗಿಯಲ್ಲಿ ಹೋದ ಹಾಗೆ. ‘ಐ ಗಾಟ್ ಯುವರ್ ಲೆಟರ್’ ಬದಲು ‘ಐ ರಿಸೀವ್ಡ್ ಯುವರ್ ಲೆಟರ್’. ಮಾರ್ಕ್ಸ್, ಪದವಿ, ಪರ್ಮಿಷನ್ ವಿಷಯಕ್ಕೆ ‘ಅಬ್ಟೇನ್ಡ್’. ಆಯಿತು ಅನ್ನಲು ‘ಬಿಕೇಮ್’. ಆದರೆ ಮಾತಿನಲ್ಲೂ ಹೀಗೇ ಹೋದರೆ ಯಕ್ಷಗಾನದ ವೇಷ ಬಿಚ್ಚದೆ ಬಸ್ ಹತ್ತಿದ ಹಾಗೆ ಕಾಣುತ್ತದೆ. ‘ಐ ಅಬ್ಟೇನ್ಡ್ ಅ ಕೋಲ್ಡ್’ ಅಂತ ಯಾರೂ ಅನ್ನುವುದಿಲ್ಲ.

ಒಂದು ವಾರದ ಅಭ್ಯಾಸ

ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಇಂಗ್ಲಿಷ್ ವಾಕ್ಯ ಬರೆಯಬೇಡಿ. ದಿನಕ್ಕೆ ಐದು ಕನ್ನಡ ವಾಕ್ಯ ಬರೆಯಿರಿ, ಅವತ್ತು ನೀವು ನಿಜವಾಗಿ ಆಡಿದ್ದು. ರಾತ್ರಿ ಕೂತು ಸಿಗು, ಬರು, ಆಗು, ಇಸು ಎಲ್ಲಿದೆ ನೋಡಿ ಅಡಿಗೆರೆ ಎಳೆಯಿರಿ. ಅದನ್ನು ಮಾತ್ರ ತಿರುಗಿಸಿ.

ತಂಗಿಯ ನೋಟ್‌ಬುಕ್ಕಿನ ಮೊದಲ ದಿನ ಹೀಗಿತ್ತು. ‘ಬೆಳಗ್ಗೆ ಏಳೋದು ತಡ ಆಯ್ತು’: ‘ಐ ಗಾಟ್ ಅಪ್ ಲೇಟ್.’ ‘ಬಸ್ ಸಿಗಲಿಲ್ಲ’: ‘ಐ ಡಿಡಂಟ್ ಗೆಟ್ ದ ಬಸ್.’ ಒಂದು ನಿಮಿಷದಲ್ಲಿ ತಪ್ಪಿಹೋಗಿದ್ದರೆ ‘ಮಿಸ್ಡ್’ ಇನ್ನೂ ಚೆಂದ ಎಂದೆ. ‘ಪೂರ್ತಿ ನೆಂದೆ’: ‘ಐ ಗಾಟ್ ಸೋಕ್ಡ್.’ ‘ಕೊಡೆ ರಿಪೇರಿ ಮಾಡಿಸ್ಬೇಕು’: ‘ಐವ್ ಗಾಟ್ ಟು ಗೆಟ್ ಮೈ ಅಂಬ್ರೆಲಾ ರಿಪೇರ್ಡ್.’ ಒಂದೇ ವಾಕ್ಯದಲ್ಲಿ ಎರಡು ಗೆಟ್, ಎರಡಕ್ಕೂ ಬೇರೆ ಕೆಲಸ. ಅವಳು ತಾನೇ ಕಟ್ಟಿದ್ದು ಅದು, ಬಹಳ ಬೀಗಿದಳು.

ಐದನೆಯದು ‘ಕರೆಂಟ್ ಹೋಯ್ತು’. ಅದರಲ್ಲಿ ಹುಡುಕಿದರೂ ಗೆಟ್ ಸಿಗಲಿಲ್ಲ. ‘ದ ಪವರ್ ವೆಂಟ್’, ಅಷ್ಟೆ. ‘ಮತ್ತೆ ಕರೆಂಟ್ ಬಂತು ಅನ್ನೋಕೆ?’ ಎಂದು ಕೇಳಿದಳು. ‘ವಿ ಗಾಟ್ ದ ಪವರ್ ಬ್ಯಾಕ್’ ಅನ್ನಬಹುದು ಎಂದೆ. ಆ ವಾಕ್ಯ ಬಳಸಲು ಮಾರನೆಯ ದಿನ ಮಧ್ಯಾಹ್ನದವರೆಗೆ ಕಾಯಬೇಕಾಯಿತು.